ಗಿಟಾರಿಗೆ ಬಂದ ಮಗ್ಗದ ಮರ

ಸಾವಂತ್ರವ್ವ ಮಗ್ಗದ ಮರವನ್ನು ಹೆಗಲ ಮೇಲೆ ಹೊತ್ತು ತಂದು ಸೊಸೆ ವಿದ್ಯಾಳ ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ನೇಯ್ದ ಸೀರೆ ಸುತ್ತಿಕೊಳ್ಳುವ ಸಾಗವಾನಿ ಮರ. ಅವಳ ಅತ್ತೆಯ ಕಾಲದ್ದು.

"ತಗೋ. ಇದರಾಗ ಮಾಡು ನಿನ್ನ ಗಿಟಾರ."

ವಿದ್ಯಾ ಕಟ್ಟಿಗೆ ಹೆರೆಯುತ್ತಿದ್ದ ರಂದಾ ಕೆಳಗಿಟ್ಟಳು. ಇಳಕಲ್ಲಿನ ಆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳು ಎಲೆಕ್ಟ್ರಿಕ್ ಗಿಟಾರು ಮಾಡುತ್ತಿದ್ದಳು. ಈ ಸಲದ ಗಿಟಾರಿನ ಒಡಲು ಮಾವಿನ ಹಲಗೆಯಲ್ಲಿ ಸಿದ್ಧವಾಗಿತ್ತು, ತಂತಿ ಹಾಯುವ ಉದ್ದ ಕುತ್ತಿಗೆಗೆ ಮಾತ್ರ ಮನಸ್ಸಿಗೆ ಬಂದ ಕಟ್ಟಿಗೆ ಸಿಕ್ಕಿರಲಿಲ್ಲ. ಬಾಗಲಕೋಟೆಗೆ ಹೋಗಿ ಅಮೀನಸಾಬರ ಕಟ್ಟಿಗೆ ಅಡ್ಡೆಯಲ್ಲಿ ಹಳೆಯ ಬಾಗಿಲು, ಚೌಕಟ್ಟುಗಳನ್ನೆಲ್ಲ ಗೆಣ್ಣಿನಿಂದ ತಟ್ಟಿ, ನಾದಕ್ಕೆ ಕಿವಿಗೊಟ್ಟು, ಬರಿಗೈಯಲ್ಲಿ ಬಂದಿದ್ದಳು. ಮನೆಯಲ್ಲೂ ಅದೇ ಚಟ. ಮಣೆ, ಮಂಚದ ಕಾಲು ಯಾವುದನ್ನೂ ಬಿಟ್ಟಿರಲಿಲ್ಲ. "ನನ್ನ ತಲಿ ಒಂದ ಉಳದೈತಿ ನೋಡವ್ವ, ಅದನ್ನೂ ಬಡದು ನೋಡು" ಎಂದು ಸಾವಂತ್ರವ್ವ ಬೈದದ್ದೂ ಉಂಟು.

ಮಗ್ಗವನ್ನು ಶೋಕಿಗೆಂದು ಕೊಳ್ಳಲು ಬಂದ ಹೋಟೆಲಿನವರನ್ನು ಬಾಗಿಲಿಂದಲೇ ಓಡಿಸಿದ ಮುದುಕಿ, ಇವತ್ತು ತಾನಾಗಿ ಅದರ ಮರ ಬಿಚ್ಚಿ ತಂದಿದ್ದಳು.

"ಅತ್ತಿ, ಮಗ್ಗದ ಮ್ಯಾಲ ಅರ್ಧಾ ನೇಯ್ದ ಸೀರಿ ಇತ್ತಲ್ರಿ?"

"ಕೊಯ್ದೆ."

ವಿದ್ಯಾ ತಲೆಯೆತ್ತಿ ಅತ್ತೆಯ ಮುಖ ನೋಡಿದಳು.

"ಹಂಗ್ಯಾಕ ನೋಡ್ತಿ? ಮಗ್ಗ ನನ್ನ ಕಾಲಕ್ಕ ಮುಗೀತು. ನಿನ್ನ ಕೈಯಾಗರ ಅದು ಇನ್ನೊಂದಿಷ್ಟ ದಿನಾ ಮಾತಾಡ್ಲಿ."

ವಿದ್ಯಾ ಮರ ತಟ್ಟಿದಳು. ಸದ್ದು ಮಂದವಾಗಿ ಬಂತು. ಇನ್ನೊಂದು ತುದಿಗೂ ಅದೇ. ರಂದಾ ಹೊಡೆದಾಗ ಸೀಳು ಕಂಡಿತು, ಕೂದಲೆಳೆಯಷ್ಟು ಸಣ್ಣದು, ಉದ್ದಕ್ಕೂ. ತಂತಿ ಬಿಗಿದರೆ ಆ ಎಳೆತಕ್ಕೆ ಕುತ್ತಿಗೆ ಬಾಯಿಬಿಡುವುದು ಖಂಡಿತ. ಹೂಂ ಅಂದುಬಿಟ್ಟು ಬೇರೆ ಕಟ್ಟಿಗೆ ಹಾಕಿದರೆ ಅತ್ತೆಗೆ ಎಲ್ಲಿಂದ ತಿಳಿಯಬೇಕು? ಹಾಗೆಂದುಕೊಂಡದ್ದಕ್ಕೇ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಅತ್ತಿ, ಇದು ಬರೂದಿಲ್ರಿ. ಒಳಗ ಸೀಳೈತಿ."

ಸಾವಂತ್ರವ್ವ ಬಾಗಿ ನೋಡಿದಳು. ಸೀಳಿನ ಮೇಲೆ ಬೆರಳಾಡಿಸಿದಳು. "ಮದಲ ಹೇಳಬಾರದೇನ?" ಎಂದಳು. ಮೊದಲೇ ಹೇಳಲು ಸೊಸೆಗೇನೂ ಕನಸು ಬಿದ್ದಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಏನಾದರೂ ಅನ್ನಲೇಬೇಕಿತ್ತು. ಆಮೇಲೆ ಸ್ಟೂಲಿನ ಮೇಲೆ ಕೂತು ಮರದ ತುದಿಯನ್ನು ಸೆರಗಿನಿಂದ ಒರೆಸಿದಳು.

"ಸೀರಿ ಸುತ್ತಾಕರ ಬರತೈತಿಲ್ಲೊ?"

"ಅದಕ್ಕೇನ ಆಗೂದಿಲ್ರಿ."

"ಹಂಗಾರ ಹಿಡಿ ಆ ಕಡಿ. ಕೊಯ್ದ ಎಳಿ ಎಲ್ಲಾ ಜೋಡಸಬೇಕು."

"ನಂಗ ಬರೂದಿಲ್ರಲ್ಲ ಅತ್ತಿ."

"ಬರೂದಿಲ್ಲಂತ ಗೊತ್ತೈತಿ. ಹಿಡಕೊಂಡ ಕೂಡು, ಅಷ್ಟ."

ಮರವನ್ನು ಮನೆಯೊಳಗೆ ಒಯ್ದು ಮಗ್ಗಕ್ಕೆ ಏರಿಸಿ ಇಬ್ಬರೂ ಅದರ ಬುಡದಲ್ಲಿ ಕೂತರು. ಸಾವಂತ್ರವ್ವ ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳಲ್ಲಿ ಒಂದೊಂದೇ ಎಳೆಯ ತುದಿ ಹೊಸೆಯತೊಡಗಿದಳು. ವಿದ್ಯಾ ಕಣ್ಣೊರೆಸಿಕೊಳ್ಳಲು ಒಂದು ಕೈ ಬಿಟ್ಟಳು, ಕೆಂಪು ಎಳೆಗಳು ಸಡಿಲಾದವು.

"ಬಿಗೀ ಹಿಡಿ. ಅಳಾಕ ಆಮ್ಯಾಲ ಹೊತ್ತು ಸಿಗತೈತಿ" ಎಂದಳು ಸಾವಂತ್ರವ್ವ. ಅವಳ ಮೂಗೂ ಸೋರುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.