ಯಂತ್ರ ಓಡುವಾಗಿನ ಆಟ

ಆಯುಧಪೂಜೆಯ ದಿನ ಪೀಣ್ಯದಲ್ಲಿ ಮೆಷಿನ್ನುಗಳಿಗೆ ಸಿಗುವ ಮರ್ಯಾದೆ ಅವನ್ನು ಓಡಿಸುವವರಿಗೆ ವರ್ಷವಿಡೀ ಸಿಗುವುದಿಲ್ಲ. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಬುಡಕ್ಕೊಂದು ನಿಂಬೆಹಣ್ಣು. ಅವತ್ತೊಂದು ದಿನ ಕಾರ್ಮಿಕರ ಮನೆಮಂದಿಗೂ ಗೇಟಿನೊಳಗೆ ಪ್ರವೇಶ. ಸೋದರಮಾವ ರಾಮಾಂಜಿನಪ್ಪನ ಕಾರ್ಖಾನೆಗೆ ಮಂಜುಶ್ರೀ ಕಾಲಿಟ್ಟದ್ದು ಹಾಗೆ, ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಪುರಿಯ ಪೊಟ್ಟಣ ಹಿಡಿದು. ಮಾವನನ್ನು ಮುಳುಗಿಸಿದ್ದೂ ಅಲ್ಲೇ.

ಅವಳು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಆ್ಯಪ್ ಬರೆಯುವವಳು. ಅವಳಿಗೆ ಚೆಸ್ ಕಲಿಸಿದವನು ಮಾವ. ಲಗ್ಗೆರೆಯಲ್ಲಿ ಕಾರ್ಮಿಕ ಸಂಘದ ಮಹಡಿಯ ಕೋಣೆಯಲ್ಲಿ ಭಾನುವಾರದ ಹೊತ್ತು ಒಂದಷ್ಟು ಮಂದಿ ಬೋರ್ಡು ಹರಡಿ ಕೂರುತ್ತಿದ್ದರು. ಅವರಿಗೆಂದೇ ಅವಳು ಒಂದು ಆ್ಯಪ್ ಕಟ್ಟಿದಳು. ಅದರಲ್ಲಿ ದಿನಾ ಹೊಸ ಪಜಲ್‌ಗಳು ಬರುತ್ತಿದ್ದವು, ಭಾನುವಾರ ಆಡಿದ ಆಟಗಳೂ ನಡೆ ನಡೆಯಾಗಿ ಉಳಿಯುತ್ತಿದ್ದವು. ಯಾರು ಎಲ್ಲಿ ಎಡವಿದರು, ಯಾರ ತಲೆ ಯಾವ ಹೊತ್ತಿನಲ್ಲಿ ಚುರುಕು, ಹೋದ ತಿಂಗಳಿಗಿಂತ ಎಷ್ಟು ಸುಧಾರಿಸಿದರು ಎಂಬುದನ್ನೆಲ್ಲ ಗ್ರಾಫಿನಲ್ಲಿ ತೋರಿಸುತ್ತಿತ್ತು. ಅಭ್ಯಾಸ ತಪ್ಪಿಸದವರ ಹೆಸರಿನ ಪಕ್ಕ ಪುಟ್ಟ ದೀಪ. ಮಾವನ ದೀಪ ಆರಿದ್ದೇ ಇಲ್ಲ.

"ಇಷ್ಟೊಂದು ಯಾವಾಗ ಬಿಡಿಸ್ತೀಯಾ ಮಾವ?" ಎಂದು ಒಮ್ಮೆ ಕೇಳಿದ್ದಳು.

"ಜಾಬ್ ಅಂದ್ರೆ ಕೊರ್ಯೋ ತುಂಡು, ಅದ್ನ ಕಟ್ಟಿ, ಬಾಗಿಲೆಳ್ದು, ಗುಂಡಿ ಒತ್ತುದ್ರೆ ಮೆಷಿನ್ನು ತಾನೇ ಕೊರೀತದೆ ಕಣವ್ವ. ಅದು ಮುಗ್ಯೋಗಂಟ ನಾನು ಪಕ್ಕದಾಗೆ ದ್ವಾರಪಾಲಕನಂಗೆ ನಿಂತಿರ್ಬೇಕು. ಕಿವಿ ಮೆಷಿನ್ ಮ್ಯಾಲೆ, ಕಣ್ಣು ನಿನ್ ಕುದ್ರೆ ಮ್ಯಾಲೆ."

ಇಬ್ಬರೂ ನಕ್ಕಿದ್ದರು. ಅದು ನಗುವ ಮಾತಾಗಿಯೇ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು.

ಪೂಜೆ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಸಭೆ. ಸಿಬ್ಬಂದಿ ವಿಭಾಗದ ಮ್ಯಾನೇಜರ್ ರಾಜೇಂದ್ರ ಅವಳಿಗೆ ಶಾಲು ಹೊದಿಸಿ, "ನಮ್ಮ ಆಪರೇಟರ್ ಮನೆ ಹುಡುಗಿ ಎಂಥ ಆ್ಯಪ್ ಮಾಡಿದ್ದಾರೆ, ತೋರಿಸಿ ಮೇಡಂ, ಎಲ್ರೂ ನೋಡ್ಲಿ" ಎಂದ. ಹೆಮ್ಮೆ ನೆತ್ತಿಗೇರಿತ್ತು. ಅವಳು ಮಾವನ ಪುಟವನ್ನೇ ಪರದೆಯ ಮೇಲೆ ಹಾಕಿದಳು. "ನೋಡಿ, ನಮ್ಮ ಮಾವನ ತಲೆ ಅತಿ ಚುರುಕಾಗಿರೋದು ಬೆಳಿಗ್ಗೆ ಹತ್ತರಿಂದ ಹನ್ನೆರಡು!"

ಮಾವನ ಪಕ್ಕದ ಮೆಷಿನ್ನಿನವನು ದೇವರಾಜ್. ಅವನು ಜೋರಾಗಿ ಕೆಮ್ಮಿದ. ಆ ಕೆಮ್ಮು ಅವಳಿಗೆ ಅರ್ಥವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವನು ರಾಜೇಂದ್ರ. ತಟ್ಟಿ, ಮೊಬೈಲ್ ತೆಗೆದು ಪರದೆಯ ಫೋಟೊ ಹಿಡಿದುಕೊಂಡ.

ಹಬ್ಬದ ಹೂ ಬಾಡುವ ಮೊದಲೇ ಸಂಘದವರು ಬೇಡಿಕೆ ಇಟ್ಟರು: ವರ್ಷಗಟ್ಟಲೆ ಗುತ್ತಿಗೆಯಲ್ಲಿ ಕೊಳೆಯುತ್ತಿರುವವರನ್ನು ಕಾಯಂ ಮಾಡಿ. ಮೊದಲ ಸಹಿ ರಾಮಾಂಜಿನಪ್ಪನದು. ಉತ್ತರವಾಗಿ ಬಂದದ್ದು ಅವನ ಹೆಸರಿಗೊಂದು ಆರೋಪಪಟ್ಟಿ. ಕೆಲಸದ ವೇಳೆಯಲ್ಲಿ ಮೊಬೈಲ್ ಆಟ, ಕರ್ತವ್ಯಲೋಪ. ಜೊತೆಗೆ ಆ ಫೋಟೊ. ಅವನ ಕೈಯಿಂದ ಒಂದು ಜಾಬಾದರೂ ಕೆಟ್ಟಿದೆಯೇ ಎಂದು ಯಾರೂ ಕೇಳಲಿಲ್ಲ. ಕೆಟ್ಟಿದ್ದರೆ ತಾನೇ ಕೇಳುವುದು! ಹುಳುಕು ಸಿಗದ ಮನುಷ್ಯನ ಬಳಿ ಹವ್ಯಾಸವೊಂದು ಸಿಕ್ಕಿತ್ತು, ಅಷ್ಟು ಸಾಕಿತ್ತು.

ವಿಚಾರಣೆಯ ಹಿಂದಿನ ಸಂಜೆ ಸಂಘದ ಕೋಣೆಯಲ್ಲಿ ಮಂಜುಶ್ರೀ ಉಪಾಯ ಹೇಳಿದಳು. "ನಮ್ಮ ಸರ್ವರ್ ಗಡಿಯಾರ ಗ್ರೀನ್‌ವಿಚ್ ಕಾಲಕ್ಕೆ ಓಡುತ್ತೆ ಮಾವ, ನಮಗಿಂತ ಐದೂವರೆ ಗಂಟೆ ಹಿಂದೆ. ಅದನ್ನ ನಾನು ಸರಿ ಮಾಡಿರ್ಲಿಲ್ಲ ಅಂತೀನಿ. ಆಗ ಗ್ರಾಫಲ್ಲಿ ಹತ್ತು ಅಂದ್ರೆ ನಿಜವಾಗಿ ಮೂರೂವರೆ. ಶಿಫ್ಟ್ ಎರಡಕ್ಕೇ ಬಿಟ್ಟಿರುತ್ತೆ."

"ಸಕ್ಕತ್ ಅಕ್ಕ! ಆ ರಾಜೇಂದ್ರನ ಮುಖ ನೋಡ್ಬೇಕು ನಾನು" ಎಂದು ದೇವರಾಜ್ ಮೇಜು ಗುದ್ದಿದ.

ಮಾವ ಮಾತ್ರ ಮೆಲ್ಲಗೆ ಕೇಳಿದ, "ಸರಿ ಮಾಡಿರ್ಲಿಲ್ವಾ ನೀನು?"

"ಮಾಡಿದ್ದೆ ಮಾವ. ಮೊದಲ್ನೇ ವಾರಾನೇ."

ಅವನು ಬೋರ್ಡಿನ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದ.

ಮಾರನೆಯ ದಿನ ವಿಚಾರಣಾಧಿಕಾರಿಯಾಗಿ ಕೂತಿದ್ದ ವಕೀಲನ ಮುಂದೆ ಅವಳು ಆ ಸುಳ್ಳನ್ನು ಅಚ್ಚುಕಟ್ಟಾಗಿ ಹೇಳಿದಳು. ವಕೀಲ ಬರೆದುಕೊಂಡ. ರಾಜೇಂದ್ರನ ಮುಖ ಸಪ್ಪಗಾಯಿತು. ಗೆದ್ದೆವು ಎಂದುಕೊಂಡಳು.

ವಕೀಲ ಮಾವನತ್ತ ತಿರುಗಿದ. "ಹಾಗಾದ್ರೆ ಕೆಲಸದ ಹೊತ್ತಲ್ಲಿ ನೀವು ಆಡಿಲ್ಲ. ಅಲ್ವೇನ್ರೀ?"

"ಆಡಿದೀನಿ ಸಾರ್."

ದೇವರಾಜ್ ಅವನ ತೋಳು ಜಗ್ಗಿದ. "ಅಣ್ಣಾ, ಬಾಯ್ಮುಚ್ಕೊಂಡಿರಣ್ಣೋ!"

"ಬಿಡ್ಲಾ. ಸಾರ್, ಈ ಮಗು ನನ್ನ ಉಳಿಸೋಕೆ ಅಂಗಂದ್ಲು. ಅವಳ ಗಡಿಯಾರ ಸರಿಯಾಗೇ ಐತೆ. ಮೆಷಿನ್ ಕೊರೀವಾಗ ನಾನು ನಿಂತಿದ್ದೆ, ಕೈ ಖಾಲಿ ಇತ್ತು, ತಲೆ ಓಡಿಸ್ದೆ. ನಿಂತ ಜಾಗ ನಿಮ್ದು, ಮೆಷಿನ್ ನಿಮ್ದು. ತಲೇನೂ ನಿಮ್ದೇ ಅನ್ನೋದಾದ್ರೆ ಬರ್ಕೊಳ್ಳಿ. ನಾನು ಸುಳ್ಳೇಳಿ ಉಳ್ಕೊಂಡ್ರೆ, ನಾಳೆ ಈ ಹುಡುಗ್ರೆಲ್ಲಾ ಉಸುರಾಡಿದ್ಕೂ ಸುಳ್ಳೇಳ್ಬೇಕಾಯ್ತದೆ."

ವಕೀಲ ಬರೆದುಕೊಂಡದ್ದು ಒಂದೇ ಸಾಲು: ಆಪಾದಿತ ತಪ್ಪೊಪ್ಪಿಕೊಂಡಿದ್ದಾನೆ.

ವಜಾ ಆದೇಶ ಅಂಚೆಯಲ್ಲಿ ಬಂತು. ಗುರುತಿನ ಚೀಟಿ, ಲಾಕರಿನ ಬೀಗದಕೈ ಒಪ್ಪಿಸಲು ಮಾವ ಹೋದಾಗ ಮಂಜುಶ್ರೀಯೂ ಜೊತೆಗಿದ್ದಳು. ಗೇಟಿನ ತನಕ ರಾಜೇಂದ್ರನೇ ಬಂದ. ಅವನ ದನಿಯಲ್ಲಿ ಹಗೆಯಿರಲಿಲ್ಲ, ಅದೇ ಅವಳಿಗೆ ಹೆಚ್ಚು ಹೇಸಿಗೆಯಾದದ್ದು.

"ತಪ್ಪು ತಿಳ್ಕೊಬೇಡಿ ಮೇಡಂ. ಆ ಆ್ಯಪ್ ನಮಗೆ ಕೊಡಿ. ಚೆಸ್ ತೆಗೆದುಬಿಡಿ, ಉಳಿದಿದ್ದು ಹಾಗೇ ಇರ್ಲಿ. ಯಾರ ತಲೆ ಯಾವಾಗ ಎಲ್ಲಿರುತ್ತೆ, ಅಷ್ಟು ಗೊತ್ತಾದ್ರೆ ಸಾಕು. ಎಲ್ಲಾ ಆಪರೇಟರ್ಸ್‌ಗೂ ಹಾಕಿಸ್ತೀವಿ."

ಅವಳು ಗೇಟಿನ ಸರಳು ಹಿಡಿದು ನಿಂತಳು. ತಾನು ಕಟ್ಟಿದ್ದರಲ್ಲಿ ಚೆಸ್ ಎಷ್ಟಿತ್ತು, ಕಾವಲು ಎಷ್ಟಿತ್ತು ಎಂಬುದನ್ನು ಈ ಮನುಷ್ಯ ಒಂದು ಮಾತಿನಲ್ಲಿ ಬಿಡಿಸಿಟ್ಟುಬಿಟ್ಟಿದ್ದ. ಮಾವನೇ ಅವಳ ರಟ್ಟೆ ಹಿಡಿದು ರಸ್ತೆಗೆ ಕರೆತಂದ. "ನಡಿಯವ್ವ, ಬಸ್ ಓಯ್ತದೆ."

ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ತೆರೆದಳು. "ಪೂರ್ತಿ ಅಳಿಸಿಬಿಡ್ತೀನಿ ಮಾವ. ಒಂದು ಚೂರೂ ಉಳಿಬಾರ್ದು."

"ನನ್ನ ಆಟಗಳೂ ಓಗ್ತವಾ?"

"ಹೋಗ್ತವೆ."

"ಆ ಭಾನುವಾರ ನಿನ್ನ ಸೋಲ್ಸಿದ್ನಲ್ಲ, ಆನೆ ಬಿಟ್ಟುಕೊಟ್ಟು? ಅದೂ?"

ಅವಳು ತಲೆಯಾಡಿಸಿದಳು. ಮಾವ ಕಿಟಕಿಯಾಚೆ ನೋಡುತ್ತ ಕೂತ. ಶೆಡ್ಡು, ಗೇಟು, ಮತ್ತೆ ಶೆಡ್ಡು. ಲಗ್ಗೆರೆಯ ತಿರುವು ಬರುವ ತನಕ ಅವಳ ಬೆರಳು ಕೀಲಿಯ ಮೇಲೆಯೇ ಇತ್ತು.

"ಅಳಿಸು" ಎಂದ ಮಾವ.