ಬಾಣಂತಿಯ ಹೊರಸಿನ ಕೆಳಗೆ ನಾಲ್ಕು ಡಿಗ್ರಿ

ಅಂಬಮ್ಮನಿಗೆ ಕೇಳಿದ ಹತ್ತು ಪ್ರಶ್ನೆಗಳಿಗೂ ಅವಳ ಅತ್ತೆ ಉತ್ತರ ಕೊಟ್ಟಳು. ಹಾಳೆಯ ಕೊನೆಯಲ್ಲಿ ಸೊನ್ನೆ ಬರೆಯಲಾಯಿತು. ಅಂಬಮ್ಮ ಆಗ ಏಳು ತಿಂಗಳ ಬಸುರಿ. ಅದೇ ಕೋಣೆಯಲ್ಲಿ, ಗೋಡೆಗೆ ಒರಗಿ ಕುಳಿತಿದ್ದಳು.

ನಾನು ಅಲ್ಲೇ ನೆಲದ ಮೇಲಿದ್ದೆ. ನಾನು ಒಂದು ಐಸ್ ಬಾಕ್ಸು. ನೀಲಿ ಮೈ, ಬಿಳಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ನನ್ನನ್ನು ಯಾರೂ ಮೇಜಿನ ಮೇಲೆ ಇಡುವುದಿಲ್ಲ. ಹಾಗಾಗಿ ದೊಡ್ಡವರ ಕಾಲುಗಳನ್ನು ನಾನು ಚೆನ್ನಾಗಿ ಬಲ್ಲೆ.

ನಾನು ಹುಟ್ಟಿದ್ದು ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ. ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ ಅಚ್ಚಿಗೆ ಸುರಿದರು. ಎರಡು ಗೋಡೆ ಮಾಡಿ ನಡುವೆ ನೊರೆ ತುಂಬಿದರು. ಅಷ್ಟು ಬಿಸಿಯಲ್ಲಿ ಹುಟ್ಟಿದ ನನಗೆ ಬದುಕಿಡೀ ತಂಪು ಕಾಯುವ ಕೆಲಸ ಕೊಟ್ಟರು. ನಾನು ಆ ಕೆಲಸದಲ್ಲಿ ಒಮ್ಮೆಯೂ ತಪ್ಪಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ರಾಯಚೂರು ಸೀಮೆಯ ಮೇ ತಿಂಗಳು ನಿಮಗೆ ಗೊತ್ತಿರಬೇಕು. ಟಾರು ಕರಗಿ ಚಪ್ಪಲಿಗೆ ಅಂಟುತ್ತದೆ. ಅಂಥ ಬಿಸಿಲಲ್ಲಿ ಆಶಾ ಅಕ್ಕಂದಿರ ಹೆಗಲ ಮೇಲೆ ಕುಳಿತು ಒಂಬತ್ತು ವರ್ಷ ಪೋಲಿಯೊ ಹನಿ ಹೊತ್ತೆ. ಒಂದು ಸೀಸೆಯೂ ಕೆಡಲಿಲ್ಲ. ಒಂದು ವರ್ಷ ಆಸ್ಪತ್ರೆಯ ಅಂಗಳದಲ್ಲಿ ನನಗೆ ಚೆಂಡುಹೂವಿನ ಹಾರ ಹಾಕಿ ಸಾಹೇಬರು ಫೋಟೊ ತೆಗೆಸಿಕೊಂಡರು. ಹೊತ್ತು ತಿರುಗಿದ ಅಕ್ಕಂದಿರಿಗೆ "ಸ್ವಲ್ಪ ಆ ಕಡೆ ನಿಲ್ಲಿ" ಎಂದರು. ಆ ಫೋಟೊದಲ್ಲಿ ನಾನಿದ್ದೇನೆ, ಅವರಿಲ್ಲ.

ಹತ್ತನೆಯ ವರ್ಷ ನಾನು ಬೇರೆಯವರ ಕೈ ಸೇರಿದೆ. ದೂರದ ನಗರದ ಸಂಸ್ಥೆಯೊಂದು ನಮ್ಮ ತಾಲೂಕಿಗೆ ಸಂಶೋಧನೆಗೆ ಬಂತು. ಬಸುರಿನಲ್ಲೂ ಬಾಣಂತನದಲ್ಲೂ ಹೆಂಗಸರಿಗೆ ಬರುವ ಖಿನ್ನತೆಗೆ ರಕ್ತದಲ್ಲಿ ಏನಾದರೂ ಗುರುತು ಸಿಗುತ್ತದೆಯೇ ಎಂಬ ಹುಡುಕಾಟ. ಏಳನೆಯ ತಿಂಗಳಲ್ಲಿ ಒಮ್ಮೆ, ಹೆರಿಗೆಯಾದ ಆರು ವಾರಕ್ಕೆ ಒಮ್ಮೆ ರಕ್ತ ತೆಗೆಯಬೇಕು. ಬೆಳಿಗ್ಗೆಯೇ ತೆಗೆಯಬೇಕು, ಯಾಕೆಂದರೆ ಮೈ ಒತ್ತಡದಲ್ಲಿದ್ದಾಗ ಏರುವ ಕಾರ್ಟಿಸಾಲ್ ಎಂಬುದು ಹೊತ್ತಿಗೊಂದು ಮಟ್ಟದಲ್ಲಿರುತ್ತದೆ. ತರಬೇತಿ ಕೊಟ್ಟ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು: "ರಕ್ತ ನೋಡಿ ಇದು ಖಿನ್ನತೆ ಅಂತ ಹೇಳುವ ಕಾಲ ಇನ್ನೂ ಬಂದಿಲ್ಲ. ಅದಕ್ಕೇ ರಕ್ತದ ಜೊತೆ ಅವರ ಮಾತೂ ಬೇಕು." ಆ ಮಾತಿಗಾಗಿಯೇ ಹತ್ತು ಪ್ರಶ್ನೆಗಳ ಹಾಳೆ. ಮೂವತ್ತಕ್ಕೆ ಹದಿಮೂರು ದಾಟಿದರೆ ಏಳು ದಿನದೊಳಗೆ ಮನೋವೈದ್ಯರಿಗೆ ತೋರಿಸಬೇಕು. ಹತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಹೌದು ಎಂದರೆ ಅಂದೇ ವೈದ್ಯರು ಹೋಗಬೇಕು. ಹಾಗೆಂದು ಹಾಳೆಯ ಮೇಲೆಯೇ ಅಚ್ಚಾಗಿತ್ತು.

ನನ್ನನ್ನು ಹೊತ್ತವಳು ನರ್ಸ್ ಹುಲಿಗೆಮ್ಮ. ನಲವತ್ತರ ಹೆಂಗಸು. ಆ ಸೊನ್ನೆ ಬರೆದ ಕೈ ಅವಳದೇ. ಅಂಬಮ್ಮನ ಮನೆಯಿಂದ ಹೊರಬಿದ್ದು ಹತ್ತು ಹೆಜ್ಜೆ ನಡೆದವಳು ನಿಂತಳು. "ಅತ್ತೀನ್ನ ಹೊರಗ ಕಳಸಬೇಕಿತ್ತು. ಧೈರ್ಯ ಬರಲಿಲ್ಲ ನೋಡು," ಎಂದಳು. ಹತ್ತಿರ ಬೇರೆ ಯಾರೂ ಇರಲಿಲ್ಲ. ನನಗೇ ಹೇಳಿದಳೆಂದು ಇವತ್ತಿಗೂ ನಂಬಿದ್ದೇನೆ.

ಈ ಸಂಶೋಧನೆ ಮಾಡಿದವರಿಗೆ ಒಂದು ಸಣ್ಣ ಸಂಗತಿ ತಿಳಿದಿರಲಿಲ್ಲ. ನಮ್ಮ ಕಡೆ ಚೊಚ್ಚಲು ಬಸುರಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಸಂಸ್ಥೆಯ ಜೀಪು ತಾಲೂಕಿನ ಗಡಿ ದಾಟುವಂತಿರಲಿಲ್ಲ. ಅಂಬಮ್ಮನ ತವರು ಬೇರೆ ತಾಲೂಕಿನಲ್ಲಿತ್ತು. ಆರು ವಾರ ತುಂಬುವ ಹೊತ್ತಿಗೆ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಂಗಸರ ಮುಂದೆ "ಬಿಟ್ಟುಹೋದವರು" ಎಂದು ಬರೆದಿದ್ದರು. ಅವರು ಏನನ್ನೂ ಬಿಟ್ಟುಹೋಗಿರಲಿಲ್ಲ. ತಾಯಿಯ ಮನೆಗೆ ಹೋಗಿದ್ದರು, ಅಷ್ಟೆ. ಬಿಟ್ಟದ್ದು ಜೀಪು.

ಹುಲಿಗೆಮ್ಮ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅಂಬಮ್ಮನ ತವರಿಗೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತಿದಳು. ಕಂಡಕ್ಟರ್ ನನ್ನ ಮುಚ್ಚಳ ಕುಟ್ಟಿದ.

"ಏನ್ ಯಕ್ಕಾ, ಮೀನೇನು? ವಾಸ್ನಿ ಬಂದ್ರ ಇಳಸ್ತೀನಿ ನೋಡು."

"ಮೀನಲ್ಲಪ್ಪಾ, ರಕ್ತ ತರಾಕ ಹೊಂಟೀನಿ. ನಿಂದೂ ಒಂದು ಸೀಸೆ ಕೊಡ್ತಿಯೇನು?"

ಅವನು ಟಿಕೆಟ್ಟು ಹರಿದುಕೊಟ್ಟು ಹಿಂದಿನ ಸೀಟಿಗೆ ಹೋದವನು ತಿರುಗಿ ಬರಲಿಲ್ಲ.

ಗೊಲ್ಲರಗುಂಡದಲ್ಲಿ ಅಂಬಮ್ಮನ ತಾಯಿ ದುರುಗವ್ವ ಬಾಗಿಲಲ್ಲೇ ಅಡ್ಡ ನಿಂತಳು.

"ಹಸಿ ಬಾಣಂತಿ ಮೈಯಾಗಿನ ರಕ್ತ ತಗೀತೀಯಾ? ನಾಳಿ ಹಾಲು ಬತ್ತಿದ್ರ ನೀ ಬಂದು ಕುಡಸ್ತೀಯೇನು?"

"ಒಂದು ಚಮಚೆ ರಕ್ತಕ್ಕ ಹಾಲು ಬತ್ತಂಗಿಲ್ಲ ಯವ್ವಾ. ನಾನೂ ಎರಡು ಹಡದೀನಿ."

"ಮತ್ತ ಈ ಡಬ್ಬ್ಯಾಗ ಏನೈತಿ?"

"ಐಸು."

ದುರುಗವ್ವ ನನ್ನನ್ನು ಹಾವು ಕಂಡ ಹಾಗೆ ನೋಡಿದಳು. ಬಾಣಂತಿಯ ಕೋಣೆಗೆ ಥಂಡಿ ತರುವುದೆಂದರೆ! ಒಳಗೆ ಕಿಟಕಿ ಮುಚ್ಚಿತ್ತು. ಅಂಬಮ್ಮನ ಕಿವಿಯಲ್ಲಿ ಅರಳೆ. ಅವಳು ಮಲಗಿದ ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು.

"ಹೊರಗಿಟ್ಟು ಬಾ."

"ಹೊರಗಿಟ್ರ ನಾಯಿ ಎಳ್ಕೊಂಡು ಹೋಗ್ತೈತಿ."

"ಹಂಗಾರ ಶೇಗಡಿ ಮಗ್ಗಲಕ ಇಡ್ತೀನಿ. ಅದರ ಥಂಡಿ ಅಲ್ಲೇ ಸಾಯ್ಲಿ. ಕೂಸಿಗಿ ಹೊಡಿಬಾರದು."

ಹುಲಿಗೆಮ್ಮ ನನ್ನ ಕಡೆ ನೋಡಿದಳು. ಆಮೇಲೆ, "ಇಡವ್ವಾ. ಆದ್ರ ನಾ ಪ್ರಶ್ನಿ ಕೇಳಿ ಮುಗಸೋತನಕ ನೀ ಹೊರಗ ಕುಂದ್ರಬೇಕು. ಕದ ಹಾಕ್ತೀನಿ," ಎಂದಳು.

ಹೀಗೆ ನಾನು ಕೆಂಡದ ಪಕ್ಕಕ್ಕೆ ಹೋದೆ. ಒಂದು ಬಾಗಿಲು ಮುಚ್ಚಲು ಹುಲಿಗೆಮ್ಮ ಕೊಟ್ಟ ಬೆಲೆ ನಾನು. ನನ್ನ ಎಡಮೈ ಮೆತ್ತಗಾಗಿ ಅಂಗೈಯಷ್ಟು ಅಗಲ ಕಂದಿತು. ಒಳಗೆ ನೂಲಿಗೆ ಕಟ್ಟಿದ್ದ ಥರ್ಮಾಮೀಟರು ನಾಲ್ಕರಿಂದ ಕದಲಲಿಲ್ಲ. ಹಾರ ಹಾಕಿಸಿಕೊಂಡ ದಿನ ನನಗೆ ಆ ಪರಿಯ ಹೆಮ್ಮೆ ಆಗಿರಲಿಲ್ಲ.

ಕೆಳಗಿನಿಂದ ನನಗೆ ಕಂಡದ್ದು ಅಂಬಮ್ಮನ ಹಿಮ್ಮಡಿ ಮಾತ್ರ. ಅರಿಶಿಣ ಹಚ್ಚಿದ, ಅಲುಗಾಡದ ಹಿಮ್ಮಡಿ.

"ಹಿಂದಿನ ಏಳು ದಿನದಾಗ ಒಮ್ಮ್ಯಾರ ನಕ್ಕೀಯೇನವ್ವಾ?"

"ಇಲ್ರೀ."

"ಕೂಸು ಅತ್ತಾಗ?"

"ಕೇಳ್ತೈತ್ರಿ. ಆದ್ರ ಯಾರದೋ ಮನ್ಯಾಗ ಅಳಾಕತ್ತಂಗ ಕೇಳ್ತೈತಿ. ಎತ್ತಿಕೊಳ್ಳಾಕ ಕೈ ಏಳಂಗಿಲ್ಲ. ಎಂಥ ತಾಯಿ ನಾನು ಅನಸ್ತೈತಿ."

"ಯಾವಾಗಿಂದ ಹಿಂಗ?"

"ನೀವು ಮೊದಲ ಬಂದ್ರಲ್ಲ, ಅದಕಿಂತ ಮದಲಿಂದಾನ. ಅವತ್ತ ಹೇಳೂನಂದ್ರ ನಮ್ಮತ್ತಿ ಎಲ್ಲಾ ಹೇಳಿಬಿಟ್ರು."

ಹತ್ತನೆಯ ಪ್ರಶ್ನೆಯನ್ನು ಹುಲಿಗೆಮ್ಮ ಬಗ್ಗಿ, ಮೆತ್ತಗೆ ಕೇಳಿದಳು. ಹಿಮ್ಮಡಿಗಳು ಒಂದಕ್ಕೊಂದು ತಾಗಿದವು. ಅಂಬಮ್ಮ, "ಒಂದೊಂದು ಸಲ," ಎಂದಳು. ಆಮೇಲೆ ಯಾರೂ ಹೇಳದೆ ತಾನೇ ತೋಳು ಚಾಚಿದಳು. "ತಗೀರಿ. ಅದರಾಗರ ಏನೈತಿ ನೋಡ್ರಿ."

ಹೆಂಗಸು ನೋವೆಂದರೆ ಸೋಗು ಎನ್ನುತ್ತಾರೆ. ಅವಳ ರಕ್ತ ನೋವೆಂದರೆ ಆಗ ನಂಬುತ್ತಾರಂತೆ. ಆ ರಕ್ತವನ್ನು ಹೊರುವ ಹೆಮ್ಮೆ ನನ್ನದು, ಸರಿ. ಆದರೆ ಅವಳ ಬಾಯಿಮಾತೇ ಸಾಕಾಗುವ ದಿನ ನನ್ನ ಕೆಲಸ ಹೋದರೂ ನನಗೆ ಬೇಸರವಿಲ್ಲ.

ಹೊರಡುವಾಗ ದುರುಗವ್ವ ಕೇಳಿದಳು: "ನನ್ನ ಮಗಳಿಗೆ ತಲಿ ಕೆಟ್ಟೈತೇನು?"

"ತಲಿ ಕೆಟ್ಟಿಲ್ಲ. ಜ್ವರ ಬಂದಂಗ ಇದೂ ಬರ್ತೈತಿ, ಇದಕ್ಕೂ ಔಷಧ ಐತಿ. ಒಂದು ಗಳಿಗಿನೂ ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ಇವತ್ತು ಸಂಜಿ ಒಳಗ ಡಾಕ್ಟರ್ ಬರ್ತಾರ. ನಾ ಕರಕೊಂಡು ಬರ್ತೀನಿ."

ಇದಾಗಿ ಬಹಳ ವರ್ಷಗಳಾದವು. ಈಗ ನಾನು ಉಪಕೇಂದ್ರದ ಮೂಲೆಯಲ್ಲಿ, ಹಳೆಯ ತಕ್ಕಡಿಯ ಪಕ್ಕದಲ್ಲಿದ್ದೇನೆ. ಪಟ್ಟಿ ಹರಿದಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಗುಜರಿಯವನು ಎರಡು ಸಲ ಬಂದು ನೋಡಿ ಹೋಗಿದ್ದಾನೆ. ಹೊಸ ಬಾಕ್ಸುಗಳು ಬಂದಿವೆ, ಅವುಗಳ ಮೈಮೇಲೆ ಡಿಗ್ರಿ ತೋರಿಸುವ ದೀಪವಿದೆ. ದೀಪ ನೋಡಿ ಬೀಗುತ್ತವೆ. ಬೀಗಲಿ. ಅವುಗಳಿಗೆ ಹೇಳಲು ನನ್ನ ಹತ್ತಿರ ಇರುವುದು ಆ ದಿನ ಮಧ್ಯಾಹ್ನ ನಡೆದದ್ದು ಮಾತ್ರ.

ಹನ್ನೆರಡು ಗಂಟೆಗೆ ನಾವು ಸಂಶೋಧನೆಯ ಕಚೇರಿ ಮುಟ್ಟಿದೆವು. ಮೇಲ್ವಿಚಾರಕ ಶ್ರೀವತ್ಸ ಹಾಳೆ ನೋಡಿದ. ಇಪ್ಪತ್ತೊಂದು.

"ಇದೇನು ಸಿಸ್ಟರ್? ಮೊದಲು ಸೊನ್ನೆ, ಈಗ ಇಪ್ಪತ್ತೊಂದು?"

"ಮದಲಿಂದು ಅತ್ತಿ ಹೇಳಿದ್ದು, ನಾ ಬರದದ್ದು. ತಪ್ಪು ನಂದು. ಇದು ಆಕಿ ಹೇಳಿದ್ದು. ಜೀಪು ಕೊಡ್ರಿ ಸರ್, ಡಾಕ್ಟರನ್ನ ಕರಕೊಂಡು ಈಗ ಹೋಗಬೇಕು."

"ಜೀಪು ಸ್ಟೇಷನ್ನಿಗೆ ಹೋಗ್ಬೇಕು. ದಿಲ್ಲಿಯಿಂದ ಸಂಶೋಧನೆ ನೋಡೋಕೆ ಬರ್ತಿದ್ದಾರೆ. ಡಾಕ್ಟರೂ ಅವರ ಜೊತೆಗೇ ಇರ್ಬೇಕು. ಅದೂ ಅಲ್ದೆ ಆ ಊರು ನಮ್ಮ ತಾಲೂಕಲ್ಲ." ಅವನು ದನಿ ಇಳಿಸಿದ. "ಒಂದು ಕೆಲ್ಸ ಮಾಡಿ. ಬೇರೆ ಹಾಳೆಯಲ್ಲಿ ಹನ್ನೊಂದು ಅಂತ ಹಾಕಿ. ಹತ್ತನೇದಕ್ಕೆ ಇಲ್ಲ ಅಂತ ಬರೀರಿ. ಮುಂದಿನ ವಾರ ನಾನೇ ಕಳಿಸ್ತೀನಿ. ಟ್ಯೂಬ್ ಸಿಕ್ಕಿದೆಯಲ್ಲ, ನಮಗೆ ಅದು ಮುಖ್ಯ. ಬೇಗ ಕೊಡಿ, ರಕ್ತ ಬೇರ್ಪಡಿಸೋ ಯಂತ್ರಕ್ಕೆ ಹಾಕ್ಬೇಕು."

"ಹೆಣ್ಣುಮಗಳು ಬ್ಯಾಡ, ಆಕಿ ರಕ್ತ ಬೇಕು?"

"ಭಾಷಣ ಬೇಡ ಸಿಸ್ಟರ್. ಐಸಲ್ಲಿದ್ರೂ ಇನ್ನರ್ಧ ಗಂಟೆ ಆದ್ರೆ ಸ್ಯಾಂಪಲ್ ಕೆಟ್ಟುಹೋಗುತ್ತೆ. ಬಾಕ್ಸ್ ಕೊಡಿ."

ಅವನು ಹೊಸ ಹಾಳೆಯನ್ನೂ ಪೆನ್ನನ್ನೂ ಮುಂದೆ ಹಿಡಿದ. ಹುಲಿಗೆಮ್ಮ ತೆಗೆದುಕೊಳ್ಳಲಿಲ್ಲ. ನನ್ನನ್ನು ಕಚೇರಿಯ ನಟ್ಟನಡುವೆ ನೆಲಕ್ಕಿಟ್ಟಳು. ಸೀರೆ ಸರಿಮಾಡಿಕೊಂಡಳು. ನನ್ನ ಮುಚ್ಚಳದ ಮೇಲೆ ಕುಳಿತಳು, ಇಡೀ ಭಾರ ಬಿಟ್ಟು. ಒಳಗೆ ಅಂಬಮ್ಮನ ಒಂದು ಚಮಚೆ ರಕ್ತ. ಹೊರಗೆ ಜೀಪಿನ ಡ್ರೈವರು ಬಾಗಿಲಲ್ಲಿ ಇಣುಕಿ ಇಬ್ಬರ ಮುಖವನ್ನೂ ನೋಡಿದ.

"ಕೆಲ್ಸ ಹೋಗುತ್ತೆ ಸಿಸ್ಟರ್. ಏಳಿ."

"ಜೀಪು ಗೊಲ್ಲರಗುಂಡದ ಕಡಿ ಮಾರಿ ಮಾಡ್ಲಿ, ಕೊಡ್ತೀನಿ."

"ಏಳಿ ಅಂದ್ನಲ್ಲ!"

"ಏಳಂಗಿಲ್ರೀ," ಎಂದಳು ಹುಲಿಗೆಮ್ಮ.