ಎಸರು

ಹೊಂಬಾಳೇಗೌಡ ಮೇಷ್ಟ್ರು ತಿರುಗದ ಊರಿಲ್ಲ, ಕಲಿಯದ ಭಾಷೆಯಿಲ್ಲ ಎಂದು ನಾಗಮಂಗಲದವರು ಹೇಳುವುದರಲ್ಲಿ ಅರ್ಧ ಬಡಾಯಿಯಾದರೂ ಉಳಿದರ್ಧ ನಿಜವೇ. ಕರ್ನಾಟಕಕ್ಕೆ ವರ್ಗವಾಗಿ ಬರಲಿರುವ ಹೊರಗಿನ ಅಧಿಕಾರಿಗಳಿಗೆ ಅವರಿರುವ ಊರಿಗೇ ಹೋಗಿ ಕನ್ನಡ ಕಲಿಸುವುದು ಅವರ ಕೆಲಸ. ಪುಣೆ, ಕಲ್ಕತ್ತ, ಲಕ್ನೋ, ಶಿಲ್ಲಾಂಗ್ ಎಂದು ಮೂವತ್ತು ವರ್ಷ ಅಲೆದರು. ಕಲಿಸಲು ಹೋದ ಕಡೆಯೆಲ್ಲ ಅಲ್ಲಿಯ ಮಾತು ಕಲಿತು ಬಂದರು. ಹೆಂಡತಿ ಮಂಗಳಮ್ಮ ಮಾತ್ರ ನಾಗಮಂಗಲದ ಬಾಡಿಗೆ ಮನೆ ಬಿಟ್ಟು ಕದಲಲಿಲ್ಲ. ಮೊದಲು ಅತ್ತೆಯನ್ನು ನೋಡಿಕೊಳ್ಳಬೇಕಿತ್ತು. ಅತ್ತೆ ತೀರಿಕೊಂಡ ಮೇಲೆ, ಇನ್ನು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು ಅನ್ನಿಸಿತು. ಮಕ್ಕಳಾಗಲಿಲ್ಲ. ಮೇಷ್ಟ್ರು ರಜಕ್ಕೆ ಬರುವರು, ಹೋಗುವರು. ಆಕೆಯ ಅರ್ಧ ಸಂಸಾರ ಬಸ್‌ಸ್ಟ್ಯಾಂಡಿನಲ್ಲೇ ಮುಗಿಯಿತು ಅಂದರೂ ತಪ್ಪಿಲ್ಲ.

ರಿಟೈರಾಗಿ ಮನೆ ಸೇರಿದರಲ್ಲ, ಆಗ ಶುರುವಾಯಿತು ನೋಡಿ ಪಾಠ! ಮಂಗಳಮ್ಮ ಕೆ.ಆರ್. ಪೇಟೆ ಕಡೆಯ ಹೆಣ್ಣು. ಆ ನಾಲಿಗೆಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ. ಹಾಲೆಂದರೆ ಆಲು, ಹೂವೆಂದರೆ ಊವು. "ಆಲ್ ಕಾಯ್ಸ್ಲಾ?" ಎಂದರೆ ಸಾಕು, ಮೇಷ್ಟ್ರು ಪೇಪರಿನಿಂದ ತಲೆ ಎತ್ತಿ, "ಆಲದ ಮರ ಕಾಯಿಸುತ್ತೀಯೋ? ಹ ಅನ್ನು, ಹ. ಹೊಟ್ಟೆಯಿಂದ ಉಸಿರು ಬರಲಿ" ಎನ್ನುವರು.

"ನಿಮ್ ಹ ಕಟ್ಕೊಂಡು ನಂಗೇನಾಗ್ಬೇಕು!" ಎಂದು ಸಿಡುಕುತ್ತಲೇ ಆಕೆ ಕಲಿತಳು. ಸಿಟ್ಟು ಬರುತ್ತಿದ್ದದ್ದು ನಿಜ. ಆದರೆ ಅಷ್ಟು ವರ್ಷ ಗೋಡೆಯ ಜೊತೆ ಮಾತಾಡಿಕೊಂಡಿದ್ದವಳಿಗೆ, ತಿದ್ದುವುದಕ್ಕಾದರೂ ಒಬ್ಬರು ಎದುರಿಗೆ ಕೂತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗು. ಮುದ್ದೆಗೆ ಕುದಿಯಲಿಡುವ ನೀರು ಎಸರು, ಮನುಷ್ಯರನ್ನು ಕರೆಯುವುದು ಹೆಸರು ಎಂದು ಕೊನೆಕೊನೆಗೆ ಆಕೆಯ ಕಿವಿಯೇ ಬೇರ್ಪಡಿಸಿಕೊಳ್ಳತೊಡಗಿತು.

ಒಂದು ಹೆಸರನ್ನು ಮಾತ್ರ ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಕಟ್ಟಿಕೊಂಡವನ ಹೆಸರು ಹೇಳಬಾರದು ಎಂದು ಅವ್ವ ಹೇಳಿಯೇ ಕಳಿಸಿದ್ದಳು. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದರೆ ಹಿತ್ತಲ ತೆಂಗಿನಮರ ತೋರಿಸಿ, "ಅದ್ರಲ್ಲಿ ಬುಡ್ತದಲ್ಲ, ಚಿನ್ನದ್ ಬಣ್ಣದ್ದು, ಅದೇಯ" ಎನ್ನುವಳು.

"ಗೊನೇಗೌಡ್ರಾ?"

"ಅಯ್ಯೋ ಅಲ್ಲ ಕಣಪ್ಪ, ಗೊನೆಗೂ ಮುಂಚೆ!"

ಒಳಗಿಂದ ಮೇಷ್ಟ್ರು ಬಿದ್ದು ಬಿದ್ದು ನಗುವರು. "ಆರು ಭಾಷೆಯವರ ಬಾಯಲ್ಲಿ ನನ್ನ ಹೆಸರು ಕೇಳಿದ್ದೀನಿ, ಇವಳ ಬಾಯಲ್ಲಿ ಒಂದು ಸಲ ಕೇಳಲಿಲ್ಲವಲ್ಲಪ್ಪ!"

ತೊಂಬತ್ತೇಳರ ಶಿವರಾತ್ರಿ ಕಳೆದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಆರೂ ಭಾಷೆ ಒಂದೇ ಏಟಿಗೆ ಮಾಯ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆ ನಾಲಿಗೆ ಪಾಪ ಹುಡುಕಿ ಹುಡುಕಿ ತಂದದ್ದು ಮೂರೇ ಮಾತು: ಬಾ, ನೀರು, ಸಾಕು. ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದಿದ್ದರು ಡಾಕ್ಟರು.

ಒಂದು ಬೆಳಿಗ್ಗೆ ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟುಕೊಂಡು, ಆಕೆಯ ಮುಖವನ್ನೇ ನೋಡುತ್ತ, "ಎಸ್ರು" ಎಂದರು. ಹೊಸ ಮಾತು! "ಎಸ್ರು... ಎಸ್ರು?" ಕಣ್ಣಲ್ಲಿ ನೀರು ತುಂಬಿತ್ತು. ಅಯ್ಯೋ ನನ್ನಪ್ಪನೇ, ಗಂಜಿ ಕುಡಿದು ಬಾಯಿ ಕೆಟ್ಟು ಮುದ್ದೆ ಕೇಳ್ತಾವ್ರೆ, ಎಸರಿಡು ಅಂತಾವ್ರೆ! "ಇಗೋ ಇಟ್ಟೆ, ಬಂದೆ ಇರಿ" ಎಂದು, ಸೆರಗು ಹಿಡಿದುಕೊಂಡಿದ್ದ ಅವರ ಕೈ ಬಿಡಿಸಿ ಮಂಗಳಮ್ಮ ಅಡುಗೆಮನೆಗೆ ಓಡಿದಳು. ಎಸರು ಕುದಿದು, ಹಿಟ್ಟು ಬೆಂದು, ಮುದ್ದೆ ಕಟ್ಟಿ ತರುವಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟಿದ್ದರು.

ಹಸಿದುಕೊಂಡು ಹೋದರಲ್ಲ! ತಿಥಿ ಮುಗಿದರೂ ಆಕೆಗೆ ಅದೊಂದೇ ಸಂಕಟ. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಒಲೆಯ ಮೇಲೆ ಎಸರಿಡುವುದನ್ನೇ ಬಿಟ್ಟಳು.

ಊರಿನ ಮೇಷ್ಟ್ರುಗಳೆಲ್ಲ ಸೇರಿ ಸ್ಕೂಲಿನ ಹಾಲಿನಲ್ಲಿ ನುಡಿನಮನ ಇಟ್ಟುಕೊಂಡರು. ಮಂಗಳಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಒಬ್ಬರು ಭಾಷಾಸಾಗರ ಎಂದರು, ಇನ್ನೊಬ್ಬರು ದೇಶ ಸುತ್ತಿದ ಋಷಿ ಎಂದರು. ಸಾಗರವಂತೆ, ಋಷಿಯಂತೆ! ಅವರು ಹೇಳುತ್ತಿದ್ದ ಮನುಷ್ಯ ಯಾರೆಂದು ಆಕೆಗೆ ಗುರುತೇ ಹತ್ತಲಿಲ್ಲ. ಕೊನೆಗೆ ದೇವಲಾಪುರದ ಕರಿಯಪ್ಪ ಎದ್ದ. ಮೇಷ್ಟ್ರ ಜೊತೆ ಕುರಿ ಕಾಯ್ದು ಬೆಳೆದವನು.

"ನಮ್ಮಿಬ್ಬರ್ನೂ ಒಟ್ಗೇ ಇಸ್ಕೂಲ್ಗೆ ಎಳ್ಕೊಂಡ್ ಓದ್ರು. ಮೈಸೂರಿಂದ ಬಂದಿದ್ದ ಮೇಷ್ಟ್ರು. ನಿನ್ನ ಹೆಸರೇನೋ ಅಂದ್ರು. ಇವ್ನು ಎದೆ ಮ್ಯಾಲೆ ಕೈಯಿಟ್ಕೊಂಡು, ನನ್ನೆಸ್ರು ಒಂಬಾಳ ಅಂದ. ಎಸರು ಒಲೆ ಮೇಲಿರುತ್ತೆ ಕಣೋ ಪೆದ್ದೇ, ಹೆಸರು ಹೇಳು ಅಂತ ಆ ಮೇಷ್ಟ್ರು ನಗಾಡ್ಬುಟ್ರು. ಇಸ್ಕೂಲೆಲ್ಲ ನಕ್ಬುಡ್ತು. ಅವತ್ತು ಅಟ ಇಡ್ದ ನೋಡಿ. ಆಮ್ಯಾಕೆ ಅವನ ಬಾಯಲ್ಲಿ ಎಸ್ರು ಅನ್ನೋದ ನಾನು ಕೇಳ್ಲೇ ಇಲ್ಲ."

ಸಭೆಯೆಲ್ಲ ನಕ್ಕಿತು. ಮಂಗಳಮ್ಮ ಮಾತ್ರ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು.

ಹಸಿದವರು ಹೊಟ್ಟೆ ತೋರಿಸುತ್ತಾರೆ, ಎದೆ ತೋರಿಸುತ್ತಾರೆಯೇ? ಮುದ್ದೆ ಕೇಳಿದ್ದಲ್ಲ ಅವರು. ಆರು ಭಾಷೆಯ ಜೊತೆ ತಮ್ಮ ಹೆಸರೂ ಮರೆತುಹೋಗಿ, ಕುರಿ ಕಾಯುವ ಹುಡುಗನ ಮಾತಿನಲ್ಲಿ ಅದನ್ನು ಕೇಳಿದ್ದರು. ಬಾ, ನೀರು, ಸಾಕು. ಆ ಮೂರು ಮಾತಿನಲ್ಲಿ ಹಕಾರಕ್ಕೆ ಜಾಗವೇ ಇರಲಿಲ್ಲ, ಅದು ಬಿಟ್ಟುಹೋದದ್ದು ಆಕೆಗೆ ಹೇಗೆ ಗೊತ್ತಾಗಬೇಕು? ಕೆ.ಆರ್. ಪೇಟೆಯ ಹಳೇ ಮಂಗಳಿಯೇ ಆಗಿದ್ದಿದ್ದರೆ ಎದೆಯ ಮೇಲಿನ ಕೈ ನೋಡಿ ತಟ್ಟನೆ ಹೊಳೆದಿರುತ್ತಿತ್ತು. ಅವರೇ ಕೂತು ತಿದ್ದಿದ ಕಿವಿ ಅವತ್ತು ಮೋಸ ಮಾಡಿತು. ಅಯ್ಯೋ, ಕೇಳಿದ್ದಾದರೂ ಯಾರನ್ನು! ಅದೊಂದನ್ನು ಬಿಟ್ಟು ಬೇರೇನು ಕೇಳಿದ್ದರೂ ಹೇಳುತ್ತಿದ್ದವಳನ್ನು.

"ಎರಡು ಮಾತಾಡಿ ಅಮ್ಮ" ಎಂದು ಮೈಕು ಕೊಟ್ಟರು. "ನಮ್ಮೋರು..." ಎಂದವಳಿಗೆ ಮುಂದೆ ಮಾತು ಹೊರಡಲಿಲ್ಲ. ಪಾಪ, ದುಃಖ ಎಂದು ಕೈಹಿಡಿದು ಕೂರಿಸಿದರು.

ಸಂಜೆ ಮನೆಗೆ ಬಂದು ಬೀಗ ತೆಗೆದಳು. ಮೇಷ್ಟ್ರು ಕೂರುತ್ತಿದ್ದ ಕುರ್ಚಿಯ ಮೇಲೆ ಫೋಟೋ ಇಟ್ಟಿತ್ತು. ಆಕೆ ಅದರ ಎದುರು ನೆಲದ ಮೇಲೆ ಕೂತಳು. ಸುತ್ತ ಯಾರೂ ಇಲ್ಲದಿದ್ದರೂ ಒಮ್ಮೆ ಬಾಗಿಲ ಕಡೆ ನೋಡಿದಳು.

"ಒಂಬಾಳೇಗೌಡ" ಎಂದಳು.

ಎಂದೂ ಆಡದ ಮಾತು, ಹಕಾರ ಜಾರಿಹೋಯಿತು. ನಾಲಿಗೆ ಕಚ್ಚಿಕೊಂಡು, ಅಭ್ಯಾಸದಂತೆ ಕುರ್ಚಿಯ ಕಡೆ ನೋಡಿದಳು. ಕಾದಳು. ಬೀದಿಯಲ್ಲಿ ಬೆಂಗಳೂರು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

"ನಿಮ್ಮೆಸ್ರು ಒಂಬಾಳ ಕಣ್ರೀ. ದೇವಲಾಪುರದ ಒಂಬಾಳ." ಈ ಸಲ ಬೇಕೆಂದೇ ಹಾಗೆ ಹೇಳಿದಳು, ಗಟ್ಟಿಯಾಗಿ. "ತಪ್ಪಾಯ್ತಲ್ಲ? ತಿದ್ರಿ ಮತ್ತೆ."